ಬಣ್ಣ ಆಮೇಲೆ ನೋಡೋಣ, ಮೊದಲು ಕೀಲಿ ಯಾರ ಹತ್ರ ಇದೆ ಹೇಳಿ

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ರ ನಮ್ಮದೊಂದು ಕಾಫಿ ತೋಟ ಇದೆ ಮೇಡಂ. ಕೂಲಿಯವರ ಲೈನ್ ಮನೆಗಳಲ್ಲಿ ಎರವ ಆದಿವಾಸಿ ಕುಟುಂಬಗಳಿದಾವೆ, ಅಸ್ಸಾಂನಿಂದ ಬಂದವರು, ಜಾರ್ಖಂಡ್‌ನವರು ಇದಾರೆ, 2018ರಲ್ಲಿ ಗುಡ್ಡ ಕುಸಿದು ಮನೆ ಕಳ್ಕೊಂಡ ಕೆಲವರು ಪಕ್ಕದಲ್ಲೇ ಬಾಡಿಗೆಗೆ ಇದಾರೆ. ಇವರಿಗೆಲ್ಲ ಉಪಯೋಗ ಆಗ್ಲಿ ಅಂತ ಕಣದ ಪಕ್ಕದ ಹಳೇ ಗೋಡೌನ್ ಕ್ಲೀನ್ ಮಾಡಿಸಿ, ತಿಳಿ ನೀಲಿ ಪೇಂಟ್ ಹೊಡೆಸಿ, ಸೋಫಾ ಹಾಕಿ ಕೌನ್ಸೆಲಿಂಗ್ ಸೆಂಟರ್ ಶುರು ಮಾಡಿದ್ವಿ. ಮೈಸೂರಿಂದ ಒಬ್ರು ಕೌನ್ಸೆಲರ್ ಹದಿನೈದು ದಿನಕ್ಕೊಂದ್ಸಲ ಬರ್ತಾರೆ. ಬಿಪಿ ಮಾತ್ರೆ ಸಿಗತ್ತಾ ಅಂತ ಕೇಳ್ಕೊಂಡು ಬರೋರು ಬಿಟ್ರೆ ಬೇರೆ ಯಾರೂ ಬರ್ತಿಲ್ಲ. ಟ್ರಾಮಾ ಇನ್‌ಫಾರ್ಮ್ಡ್ ಡಿಸೈನ್ ಅಂತ ಒಂದಿದೆ ಅಂತ ಓದಿದೆ. ಬಣ್ಣ, ಲೈಟು, ಫರ್ನಿಚರ್ ಏನೇನು ಬದಲಾಯಿಸಬೇಕು ಹೇಳ್ತೀರಾ?

ಉತ್ತರ: ನಮಸ್ತೆ. ಮೊದಲು ನೀವು ಕೇಳಿದ್ದಕ್ಕೇ ನೇರವಾಗಿ ಹೇಳಿಬಿಡ್ತೀನಿ, ಬಣ್ಣದಿಂದ ದೊಡ್ಡ ವ್ಯತ್ಯಾಸ ಆಗಲ್ಲ. ತಿಳಿ ನೀಲಿ ಮನಸ್ಸಿಗೆ ಶಾಂತಿ ಕೊಡತ್ತೆ, ಹಸಿರು ಗುಣಪಡಿಸತ್ತೆ ಅಂತ ಇಂಟೀರಿಯರ್‌ನವರು ಹೇಳ್ತಾರಲ್ಲ, ಅದರ ಹಿಂದೆ ಗಟ್ಟಿ ಸಾಕ್ಷ್ಯ ಕಮ್ಮಿ. ನಿಮ್ಮ ಪೇಂಟ್ ಹಾಗೇ ಇರಲಿ, ಅದಕ್ಕೆ ಮತ್ತೆ ದುಡ್ಡು ಹಾಕಬೇಡಿ. ನನಗೆ ನಿಮ್ಮ ಪತ್ರದಲ್ಲಿ ಕಣ್ಣಿಗೆ ಬಿದ್ದಿದ್ದು "ಕಣದ ಪಕ್ಕದ ಹಳೇ ಗೋಡೌನ್" ಅನ್ನೋದು. ಆ ಗೋಡೌನ್‌ನಲ್ಲಿ ಇಷ್ಟು ವರ್ಷ ಏನು ನಡೀತಿತ್ತು? ನಮ್ಮ ಕಡೆ ಸುಮಾರು ತೋಟಗಳಲ್ಲಿ ಕುಯ್ದ ಕಾಫಿ ತೂಕ ಹಾಕೋದು ಅಲ್ಲೇ, ಹಾಜರಿ ಹಾಕೋದು ಅಲ್ಲೇ, ಶನಿವಾರ ಬಟವಾಡೆ ಆಗೋದೂ ಅಲ್ಲೇ. ಅಡ್ವಾನ್ಸ್ ಎಷ್ಟು ಮುರ್ಕೊಂಡ್ರು, ಯಾಕೆ ಎರಡು ಕೆಜಿ ಕಮ್ಮಿ ಬರೆದ್ರು ಅಂತ ಮೇಸ್ತ್ರಿ ಹತ್ರ, ಲೆಕ್ಕ ಬರೆಯೋ ರೈಟರ್ ಹತ್ರ ಕೈಕಟ್ಟಿ ನಿಂತ ಜಾಗ ಅದು. ಅದೇ ಬಾಗಿಲಿನ ಒಳಗೆ ಹೋಗಿ ಸೋಫಾ ಮೇಲೆ ಕೂತು ನಿನ್ನ ನೋವೇನು ಹೇಳಮ್ಮ ಅಂದ್ರೆ ಆಕೆ ಏನು ಹೇಳ್ತಾಳೆ? ಬಿಪಿ ಮಾತ್ರೆ ಕೇಳ್ತಾಳೆ ಅಷ್ಟೇ. ಅದು ಆಕೆಗೆ ತೊಂದರೆ ತರದೇ ಇರೋ ಪ್ರಶ್ನೆ.

ಟ್ರಾಮಾ ಅಂದ್ರೆ ದೊಡ್ಡ ದುಃಖ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಪೂರ್ತಿ ಹಾಗಲ್ಲ. ಏನೋ ಭಯಂಕರವಾದ್ದು ನಡೀತಿರುವಾಗ ನನ್ನ ಕೈಲಿ ಏನೂ ಇರಲಿಲ್ಲ, ಓಡೋಕೂ ಆಗಲಿಲ್ಲ, ಬೇಡ ಅನ್ನೋಕೂ ಆಗಲಿಲ್ಲ ಅನ್ನೋ ಅನುಭವ ದೇಹದಲ್ಲಿ ಉಳ್ಕೊಂಡುಬಿಡೋದು. ಆಮೇಲೆ ವರ್ಷಗಟ್ಟಲೆ ದೇಹ ಕಾವಲು ಕಾಯ್ತಾನೇ ಇರತ್ತೆ. ಹಿಂದೆ ಯಾರೋ ಬಂದ್ರೆ ಬೆಚ್ಚಿ ಬೀಳೋದು, ಬಾಗಿಲ ಕಡೆ ಬೆನ್ನು ಹಾಕಿ ಕೂರೋಕೆ ಆಗದೇ ಇರೋದು, ರಾತ್ರಿ ನಿದ್ದೆ ಬರದೇ ಇರೋದು, ಎದೆ ಹೊಡ್ಕೊಳ್ಳೋದು, ಸಣ್ಣ ಮಾತಿಗೆ ಸಿಡಿಮಿಡಿ, ಇಲ್ಲಾಂದ್ರೆ ಏನೂ ಅನ್ನಿಸದೇ ಕಲ್ಲಿನ ಥರ ಕೂತಿರೋದು. ನಮ್ಮ ಜನ ಇದನ್ನ ಡಿಪ್ರೆಶನ್ ಅಂತೆಲ್ಲ ಹೇಳಲ್ಲ, ತಲೆ ಬಿಸಿ ಅಂತಾರೆ, ಕೈಕಾಲು ಸೆಳೀತದೆ ಅಂತಾರೆ, ಹೊಟ್ಟೆ ಒಳಗೆ ಉರಿ ಅಂತಾರೆ, ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸ್ಕೊಂಡು ಬರ್ತಾರೆ. ಹಾಗಾಗಿ ಬಿಪಿ ಮಾತ್ರೆ ಕೇಳ್ಕೊಂಡು ಬಂದವರನ್ನ ಬೇರೆ ವಿಷಯಕ್ಕೆ ಬಂದವರು ಅಂತ ಲೆಕ್ಕದಿಂದ ತೆಗೆದು ಹಾಕಬೇಡಿ, ಅವರು ಬಂದಿರೋದು ಬಹುಶಃ ಇದೇ ವಿಷಯಕ್ಕೆ.

ಈ ಡಿಸೈನ್ ಅನ್ನೋದರ ಹಿನ್ನೆಲೆ ಸ್ವಲ್ಪ ಹೇಳ್ತೀನಿ. 2001ರ ಹೊತ್ತಿಗೆ ಅಮೆರಿಕದಲ್ಲಿ ಹ್ಯಾರಿಸ್, ಫಾಲೋಟ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಆಸ್ಪತ್ರೆ, ಆಶ್ರಯಧಾಮ, ಕಚೇರಿಗಳು ನಡೆಯೋ ರೀತಿಯೇ ನೊಂದವರಿಗೆ ಮತ್ತೆ ನೋವು ಕೊಡಬಹುದು ಅಂತ ವಿವರವಾಗಿ ಬರೆದ್ರು. 2014ರಲ್ಲಿ ಅಲ್ಲಿನ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ಸಾಮ್‌ಸಾ ಆರು ತತ್ವಗಳನ್ನ ಕೊಡ್ತು: ಸುರಕ್ಷತೆ, ನಂಬಿಕೆ ಮತ್ತು ಪಾರದರ್ಶಕತೆ, ಅದೇ ಥರದ್ದನ್ನ ಅನುಭವಿಸಿದವರ ಜೊತೆ, ಸೇರಿ ಕೆಲಸ ಮಾಡೋದು, ಆಯ್ಕೆ ಮತ್ತು ದನಿ, ಕೊನೇದು ಅವರ ಸಂಸ್ಕೃತಿ, ಚರಿತ್ರೆ, ಹೆಣ್ಣು-ಗಂಡಿನ ಪ್ರಶ್ನೆಗಳನ್ನ ಮರೀದೇ ಇರೋದು. ಕಟ್ಟಡ ಮಾಡೋ ನಾವು ಇದನ್ನ ಗೋಡೆ, ಬಾಗಿಲು, ಕಿಟಕಿಗೆ ಇಳಿಸ್ತೀವಿ. ಆದರೆ ಆರನ್ನೂ ಹಿಂಡಿದ್ರೆ ನನಗೆ ಉಳಿಯೋದು ಒಂದೇ ಪ್ರಶ್ನೆ, ಈ ಜನರ ಕೈಯಿಂದ ಏನು ಕಿತ್ಕೊಂಡಿದ್ದಾರೆ, ಈ ಕಟ್ಟಡ ಅದನ್ನ ಅಷ್ಟೋ ಇಷ್ಟೋ ವಾಪಸ್ ಕೊಡತ್ತಾ ಇಲ್ಲಾ ಇನ್ನೊಂದ್ಸಲ ಕಿತ್ಕೊಳತ್ತಾ?

ನಿಮ್ಮಲ್ಲಿರೋ ಒಂದೊಂದು ಗುಂಪಿಗೂ ಕಿತ್ಕೊಂಡಿದ್ದು ಬೇರೆ ಬೇರೆ, ಅದಕ್ಕೇ ಎಲ್ಲರಿಗೂ ಒಂದೇ ನೀಲಿ ರೂಮು ನಡೆಯಲ್ಲ.

ಎರವರ ವಿಷಯ ತಗೊಳ್ಳಿ. ತಲೆತಲಾಂತರ ಜೀತ, ಭೂಮಿ ಕೈಬದಲಾದ್ರೆ ಜನಾನೂ ಕೈಬದಲಾಗ್ತಿದ್ದ ಕಾಲ ಇತ್ತು, ಜೀತ ನಿಷೇಧ ಕಾನೂನು ಬಂದಿದ್ದೇ 1976ರಲ್ಲಿ. ನಿಮ್ಮ ಲೈನ್ ಮನೆಯ ಅಜ್ಜಿಗೆ ಅದು ಚರಿತ್ರೆ ಅಲ್ಲ, ಅವಳ ಅಪ್ಪನ ಕಥೆ. ಆಮೇಲೆ 2016ರ ಡಿಸೆಂಬರ್, ದಿಡ್ಡಳ್ಳಿ. ಕಾಡಂಚಲ್ಲಿ ಗುಡಿಸಲು ಕಟ್ಕೊಂಡಿದ್ದ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನ ತೆರವು ಮಾಡಿದ್ರು, ಕಣ್ಣೆದುರೇ ಗುಡಿಸಲು ಬಿತ್ತು, ಕೊಡಗಿನ ಚಳಿ ರಾತ್ರಿಯಲ್ಲಿ ಮಕ್ಕಳನ್ನ ಹಿಡ್ಕೊಂಡು ಬಯಲಲ್ಲಿ ಕೂತ್ರು. ದೊಡ್ಡ ಹೋರಾಟ ಆಯ್ತು, ಆಮೇಲೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ರು. ಮನೆ ಸಿಕ್ಕಿದ್ದು ಒಳ್ಳೇದೇ, ಅದನ್ನ ಸಣ್ಣದು ಮಾಡಲ್ಲ. ಆದರೆ ಹಾಡಿಯಲ್ಲಿ, ಅಂದ್ರೆ ಆದಿವಾಸಿಗಳ ಊರಲ್ಲಿ, ಮನೆಗಳು ಒಂದರ ಮುಖ ಒಂದು ನೋಡ್ಕೊಂಡು, ಮಧ್ಯ ಅಂಗಳ ಬಿಟ್ಕೊಂಡು, ನೆಂಟರ ಮನೆ ಪಕ್ಕ ನೆಂಟರು ಇರೋ ಹಾಗೆ ಕೂತಿರ್ತವೆ, ಲೇಔಟ್‌ನಲ್ಲಿ ಸಾಲಾಗಿ ನಂಬರ್ ಪ್ರಕಾರ. ಸರ್ಕಾರಿ ಜೀಪು, ಖಾಕಿ, ನಂಬರು, ಸಾಲಲ್ಲಿ ನಿಲ್ಲಿಸೋದು, ಇವನ್ನೆಲ್ಲ ಕಂಡ್ರೆ ಇವರ ದೇಹ ಹಿಂದಕ್ಕೆ ಸರಿಯತ್ತೆ. ನಿಮ್ಮ ಸೆಂಟರ್‌ನಲ್ಲಿ ಟೋಕನ್ ಕೊಡ್ತೀರಾದ್ರೆ ದಯವಿಟ್ಟು ನಿಲ್ಲಿಸಿ.

ಅಸ್ಸಾಂನಿಂದ ಬಂದವರ ಭಯ ಕಾಗದದ್ದು. 2019ರ ಆಗಸ್ಟ್ 31ಕ್ಕೆ ಅಲ್ಲಿ ಎನ್‌ಆರ್‌ಸಿ, ಅಂದ್ರೆ ಯಾರು ಈ ದೇಶದ ಪ್ರಜೆ ಅನ್ನೋ ಸರ್ಕಾರಿ ದಾಖಲೆಯ ಕೊನೆ ಪಟ್ಟಿ ಬಂತು, 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿ ಇರಲಿಲ್ಲ. ಗಂಡನ ಹೆಸರಿದೆ ಹೆಂಡತಿದಿಲ್ಲ, ಅಪ್ಪಂದಿದೆ ಮಗಂದಿಲ್ಲ ಅನ್ನೋ ಕುಟುಂಬಗಳಿಂದ ಬಂದವರು ನಿಮ್ಮ ತೋಟದಲ್ಲೂ ಇರಬಹುದು. ಅದಾಗಿ ಕೆಲವೇ ತಿಂಗಳಿಗೆ, 2020ರ ಜನವರಿಯಲ್ಲಿ, ಕೊಡಗಲ್ಲೇ ಹೊರರಾಜ್ಯದ ಸಾವಿರಾರು ತೋಟ ಕಾರ್ಮಿಕರನ್ನ ಒಂದೇ ದಿನ ಕರೆಸಿ ದಾಖಲೆ ಪರಿಶೀಲಿಸಿದ್ರು, ನಿಮಗೂ ನೆನಪಿರತ್ತೆ, ಪಿಕಪ್‌ನಲ್ಲಿ ತುಂಬ್ಕೊಂಡು ಹೋಗಿ ಬಿಸಿಲಲ್ಲಿ ಸಾಲು ನಿಂತಿದ್ರು. ಇಂಥವರಿಗೆ ಬಾಗಿಲಲ್ಲೇ ಒಂದು ರಿಜಿಸ್ಟರ್ ಇಟ್ಟು, ಹೆಸರು ಊರು ಆಧಾರ್ ನಂಬರ್ ಫೋನ್ ನಂಬರ್ ಬರೀರಿ ಅಂದ್ರೆ ಅವರು ಚಪ್ಪಲಿ ಬಿಡೋಕೂ ಮುಂಚೆ ವಾಪಸ್ ಹೋಗ್ತಾರೆ. ಎಷ್ಟು ಜನ ಬಂದ್ರು ಅಂತ ಲೆಕ್ಕ ಬೇಕು ಅಂದ್ರೆ ಒಂದು ಡಬ್ಬದಲ್ಲಿ ಕಾಫಿ ಬೀಜ ಹಾಕೋಕೆ ಹೇಳಿ, ಒಬ್ಬರಿಗೆ ಒಂದು ಬೀಜ, ಸಾಯಂಕಾಲ ಎಣಿಸ್ಕೊಳ್ಳಿ. ಹೆಸರು ಬರೆಯೋದು ಕೌನ್ಸೆಲರ್ ಮಾತ್ರ, ಅವರ ಸ್ವಂತ ಪುಸ್ತಕದಲ್ಲಿ, ಆ ಪುಸ್ತಕ ತೋಟದ ಆಫೀಸಲ್ಲಿ ಇಡೋ ಹಾಗಿಲ್ಲ. ಸಿಸಿಟಿವಿ ಹಾಕಿದ್ರೆ ತೆಗೆಸಿಬಿಡಿ. ಫಂಡ್ ಕೊಟ್ಟವರಿಗೆ ಕಳಿಸೋಕೆ ಅಂತ ಫೋಟೋ ತೆಗಿಯೋದಂತೂ ಬೇಡವೇ ಬೇಡ.

ಇನ್ನು 2018ರವರು. ಆ ಆಗಸ್ಟ್‌ನ ಮಳೆ, ಮಕ್ಕಂದೂರು, ಕಾಲೂರು, ಹೆಬ್ಬೆಟ್ಟಗೇರಿ, ಮದೆನಾಡು, ಜೋಡುಪಾಲ, ಒಂದಾದ ಮೇಲೊಂದು ಗುಡ್ಡ ಜಾರಿ ಮನೆ, ತೋಟ, ಗದ್ದೆ ಎಲ್ಲ ಹೋಯ್ತು. ಮತ್ತೆ 2019ರಲ್ಲಿ ವಿರಾಜಪೇಟೆ ಕಡೆ ತೋರ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಸಂತ್ರಸ್ತರಿಗೆ ಹೊಸ ಮನೆಗಳು ಬಂದವು, ಕೆಲವರು ಹೋದ್ರು, ಕೆಲವರು ನಿಮ್ಮ ಪಕ್ಕದವರ ಥರ ಬಾಡಿಗೆಯಲ್ಲೇ ಉಳಿದ್ರು. ಇವರ ಕ್ಯಾಲೆಂಡರ್‌ನಲ್ಲಿ ಜೂನ್ ಬಂತು ಅಂದ್ರೆ ಎದೆ ಬಿಗಿಯತ್ತೆ. ರೆಡ್ ಅಲರ್ಟ್ ಮೆಸೇಜು, ಎಲ್ಲೋ ಜೆಸಿಬಿ ಸದ್ದು, ರಾತ್ರಿ ಕರೆಂಟ್ ಹೋಗೋದು, ಇಷ್ಟು ಸಾಕು. ನಿಮ್ಮ ಗೋಡೌನ್‌ಗೆ ಶೀಟ್ ಹೊದಿಸಿರ್ತೀರಿ ಅಂದ್ಕೊಂಡಿದೀನಿ, ಶೀಟ್ ಮೇಲೆ ಕೊಡಗಿನ ಮಳೆ ಹೊಡೆದ್ರೆ ಒಳಗೆ ಪಕ್ಕದವರ ಮಾತೂ ಕೇಳಲ್ಲ. ಅಲ್ಲಿ ಕೂತು ಅದೇ ಮಳೆ ಬಗ್ಗೆ ಮಾತಾಡು ಅಂತ ಯಾರಿಗಾದ್ರೂ ಹೇಳೋದು ಹೇಗೆ? ಬಣ್ಣಕ್ಕಿಂತ ಮುಂಚೆ ಆಗಬೇಕಾದ ಕೆಲಸ ಇದು. ಹೆಂಚು ಹಾಕೋಕೆ ಆದ್ರೆ ಹಾಕಿ, ಇಲ್ಲಾಂದ್ರೆ ಶೀಟ್ ಕೆಳಗೆ ಸ್ವಲ್ಪ ಗ್ಯಾಪ್ ಬಿಟ್ಟು ಬಿದಿರು ತಟ್ಟಿ ಸೀಲಿಂಗ್ ಮಾಡಿಸಿ, ಅದರ ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸಿದ್ರೆ ಸದ್ದು ಎಷ್ಟೋ ಇಳಿಯತ್ತೆ.

ಕಿಟಕಿ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಇಲ್ಲಿ ಪುಸ್ತಕದ ಜ್ಞಾನವನ್ನ ಹಾಗೇ ತಂದು ಹಾಕಿದ್ರೆ ಉಲ್ಟಾ ಹೊಡಿಯತ್ತೆ. 1984ರಲ್ಲಿ ರೋಜರ್ ಉಲ್ರಿಚ್ ಅನ್ನೋರು ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬರೆದ್ರು, ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಶನ್ ಆದವರಲ್ಲಿ ಕಿಟಕಿಯಿಂದ ಮರ ಕಾಣ್ತಿದ್ದವರು ಇಟ್ಟಿಗೆ ಗೋಡೆ ಕಾಣ್ತಿದ್ದವರಿಗಿಂತ ಬೇಗ ಮನೆಗೆ ಹೋದ್ರು, ಸ್ಟ್ರಾಂಗ್ ನೋವಿನ ಮಾತ್ರೆನೂ ಕಮ್ಮಿ ತಗೊಂಡ್ರು ಅಂತ. ಒಳ್ಳೇ ಅಧ್ಯಯನ, ಅಲ್ಲಿಂದ ಆಚೆ ಎಲ್ಲಾ ಡಿಸೈನ್ ಪುಸ್ತಕದಲ್ಲೂ ಕಿಟಕಿಯಿಂದ ಹಸಿರು ಕಾಣಬೇಕು ಅಂತ ಬಂತು. ಆದರೆ ಕೊಡಗಲ್ಲಿ ಕಿಟಕಿ ತೆಗೆದ್ರೆ ಹಸಿರಿಗೇನು ಕಮ್ಮಿ? ಪ್ರಶ್ನೆ ಏನಂದ್ರೆ, ಆ ಹಸಿರು ಯಾರಿಗೆ ಏನು. ಮನೆ ಮೇಲೆ ಗುಡ್ಡ ಬಂದವನಿಗೆ ಎದುರಿಗೆ ಕಾಣೋ ಇಳಿಜಾರು ಶಾಂತಿ ಕೊಡಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಆನೆ ಎದುರಾಗಿ ಜೊತೆಯವಳನ್ನ ಕಳ್ಕೊಂಡ ಹೆಂಗಸಿಗೆ ಒತ್ತಾಗಿ ಬೆಳೆದ ಕಾಫಿ ಗಿಡದ ಗೋಡೆ ಅಂದ್ರೆ ಅದರ ಹಿಂದೆ ಏನಿದೆ ಅಂತ ಕಾಣದ ಜಾಗ. ಅದೇ ಕಾಡಲ್ಲೇ ಬೆಳೆದ ಜೇನು ಕುರುಬ ಆದಿವಾಸಿ ಅಜ್ಜನಿಗೆ ಮರ ಕಾಣದ ರೂಮಲ್ಲಿ ಉಸಿರು ಕಟ್ಟತ್ತೆ. ಅದರ ಮೇಲೆ ಇನ್ನೊಂದು ಸೂಕ್ಷ್ಮ ಇದೆ, ಕುಸಿತ ನೋಡಿದವರಲ್ಲಿ ಕೆಲವರಿಗೆ ಗುಡ್ಡ ಕಾಣಬಾರದು, ಇನ್ನು ಕೆಲವರಿಗೆ ಗುಡ್ಡ ಕಾಣ್ತಾನೇ ಇರಬೇಕು, ಕಾಣದಿದ್ರೆ ಅದೇನು ಮಾಡ್ತಿದೆಯೋ ಅಂತ ಜಾಸ್ತಿ ಗಾಬರಿ. ಹಾಗಾದ್ರೆ ಏನು ಮಾಡೋದು ಅಂದ್ರೆ, ಒಂದೇ ಕಡೆ ನೋಡೋ ಸೋಫಾ ತೆಗೆದುಬಿಡೋದು, ಎತ್ತಿ ಬೇಕಾದ ಕಡೆ ಇಟ್ಕೊಳ್ಳೋಕೆ ಆಗೋ ಹಗುರ ಮಣೆ, ಸ್ಟೂಲು, ಚಾಪೆ ಇಡೋದು, ಕಿಟಕಿಗೆ ಒಳಗಿಂದ ಅವರೇ ಎಳೆಯೋ ಪರದೆ ಹಾಕೋದು. ಎಲ್ಲಿ ಕೂರಬೇಕು, ಏನು ನೋಡಬೇಕು ಅನ್ನೋದನ್ನ ಬಂದವರು ತೀರ್ಮಾನ ಮಾಡ್ತಾರೆ. ಕುರ್ಚಿ ಎಳ್ಕೊಳ್ಳೋದು ಸಣ್ಣ ವಿಷಯದ ಥರ ಕಾಣಬಹುದು ನಿಮಗೆ, ಆದರೆ ಎಲ್ಲಿ ಕೂರು ಅಂತ ಜೀವನ ಪೂರ್ತಿ ಬೇರೆಯವರೇ ಹೇಳಿರೋ ಮನುಷ್ಯನಿಗೆ ಅದು ಸಣ್ಣದಲ್ಲ.

ಕೊಡವರ ಹಿರೀಕರ ಐನ್‌ಮನೆಗಳ ಮುಂದೆ ಕಂಬಗಳ ಮಧ್ಯೆ ಐಮರ ಅನ್ನೋ ಕೂರೋ ಮರದ ಹಲಗೆ ಇರತ್ತಲ್ಲ, ಅದನ್ನ ನೆನಪು ಮಾಡ್ಕೊಳ್ಳಿ. ಒಳಗೂ ಅಲ್ಲ ಹೊರಗೂ ಅಲ್ಲದ ಜಾಗ, ಬೆನ್ನಿಗೆ ಮನೆ, ಮುಂದೆ ಬಯಲು, ಯಾರು ಬರ್ತಿದಾರೆ ಅಂತ ದೂರದಿಂದಲೇ ಕಾಣತ್ತೆ. ಆದರೆ ಅದರ ಮೇಲೆ ಯಾರು ಕೂರಬಹುದಿತ್ತು, ಯಾರು ಅಂಗಳದಲ್ಲೇ ನಿಲ್ಲಬೇಕಿತ್ತು ಅನ್ನೋದೂ ನಿಮಗೆ ಗೊತ್ತು. ನಿಮ್ಮ ಸೆಂಟರ್ ಮುಂದೆ ಅಂಥ ಒಂದು ಉದ್ದ ಜಗಲಿ ಮಾಡಿ, ಎಲ್ಲರೂ ಕೂರೋ ಹಾಗೆ. ಒಳಗೆ ಹೋಗ್ಲೋ ಬೇಡ್ವೋ ಅಂತ ಯೋಚನೆ ಮಾಡೋಕೆ ಜನಕ್ಕೆ ಜಾಗ ಬೇಕು. ಎಷ್ಟೋ ಜನ ಮೊದಲ ಕೆಲವು ಸಲ ಜಗಲಿ ದಾಟಲ್ಲ, ಚಹಾ ಕುಡಿದು ಹೋಗ್ತಾರೆ. ಅಲ್ಲೇ ಎದುರುಬದುರು ಕೂರೋದಕ್ಕಿಂತ ಪಕ್ಕಪಕ್ಕ ಕೂತು ಎದುರಿನ ಬಯಲು ನೋಡ್ಕೊಂಡು ಮಾತಾಡೋದು ಸುಲಭ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋದು ನಮ್ಮಲ್ಲಿ ಬಹಳ ಜನಕ್ಕೆ ವಿಚಾರಣೆ ಅನ್ಸತ್ತೆ.

ಉಳಿದ ಕಟ್ಟಡದ ವಿಷಯ ಬೇಗ ಹೇಳಿ ಮುಗಿಸ್ತೀನಿ. ಎರಡು ಬಾಗಿಲು ಇರಲಿ, ಎರಡೂ ಕೂತಲ್ಲಿಂದ ಕಾಣಲಿ, ಹೊರಗಿನಿಂದ ಚಿಲಕ ಹಾಕೋಕೆ ಆಗಬಾರದು. ಟಾಯ್ಲೆಟ್‌ಗೆ ಒಳಚಿಲಕ, ಲೈಟು, ನೀರು, ಅದು ಕಟ್ಟಡದ ಒಳಗಿಂದಲೇ ಹೋಗೋ ಹಾಗಿರಲಿ, ಕತ್ತಲಲ್ಲಿ ಹೊರಗೆ ಹೋಗೋದು ನಮ್ಮ ಕಡೆ ಆನೆ ಕಾಟದಿಂದಲೂ ಅಪಾಯ, ಬೇರೆ ಕಾರಣದಿಂದಲೂ ಅಪಾಯ. ಮಿಣಮಿಣ ಅನ್ನೋ ಟ್ಯೂಬ್‌ಲೈಟ್ ತೆಗೆದು ಹಳದಿ ಬಲ್ಬು ಹಾಕಿ. ಒದ್ದೆ ಪ್ಲಾಸ್ಟಿಕ್ ಕೊಪ್ಪೆ ನೇತು ಹಾಕೋಕೆ, ಕತ್ತಿ ಇಡೋಕೆ ಬಾಗಿಲ ಹತ್ರವೇ ಜಾಗ, ಒಂದು ಒಲೆ, ಅದರ ಪಕ್ಕ ಬಟ್ಟೆ ಒಣಗಿಸ್ಕೊಳ್ಳೋಕೆ ಹಗ್ಗ. ಮಳೆಗಾಲದಲ್ಲಿ ಒದ್ದೆ ಮೈಯಲ್ಲಿ ಜಿಗಣೆ ಕಿತ್ಕೊಂಡು ಬಂದವರಿಗೆ ಮೊದಲು ಬೇಕಾಗಿರೋದು ಬೆಂಕಿ. ಮಕ್ಕಳು ಆಡೋ ಜಾಗ ತಾಯಿ ಕಣ್ಣಿಗೆ ಕಾಣೋ ಹಾಗಿರಲಿ, ಅವಳ ಮಾತು ಮಕ್ಕಳಿಗೆ ಕೇಳದ ಹಾಗಿರಲಿ, ಅರ್ಧ ಎತ್ತರದ ಗೋಡೆ ಮೇಲೆ ಗಾಜು ಹಾಕಿದ್ರೆ ಆಗತ್ತೆ. ಕೌನ್ಸೆಲಿಂಗ್ ಸೆಂಟರ್ ಬೋರ್ಡ್ ಇಳಿಸಿ, ಅದರ ಕೆಳಗೆ ನಡ್ಕೊಂಡು ಹೋದವರನ್ನ ಲೈನ್‌ನಲ್ಲಿ ಹುಚ್ಚು ಅಂತಾರೆ. ಬಿಪಿ ನೋಡೋದು, ಹೊಲಿಗೆ ಮೆಷಿನ್, ಅರ್ಜಿ ಬರ್ಕೊಡೋದು, ಮೊಬೈಲ್ ಚಾರ್ಜಿಂಗ್, ಎಲ್ಲ ಒಂದೇ ಸೂರಿನಡಿ ಇರಲಿ, ಆಗ ಯಾರು ಯಾವುದಕ್ಕೆ ಬಂದ್ರು ಅಂತ ಯಾರಿಗೂ ಗೊತ್ತಾಗಲ್ಲ.

ಈಗ ಕಷ್ಟದ ಮಾತು. ನನ್ನ ಅಭಿಪ್ರಾಯದಲ್ಲಿ ಇಷ್ಟೆಲ್ಲ ಮಾಡೋಕೂ ಆ ಗೋಡೌನ್ ಸರಿಯಾದ ಜಾಗ ಅಲ್ಲ. ನಿಮ್ಮ ಮನಸ್ಸು ಒಳ್ಳೇದು ಅಂತ ನಿಮ್ಮ ಪತ್ರ ಓದಿದ್ರೇ ಗೊತ್ತಾಗತ್ತೆ, ಆದರೆ ಕಟ್ಟಡ ಇರೋದು ಧಣಿಗಳ ಜಾಗದಲ್ಲಿ, ಕೀಲಿ ಇರೋದು ನಿಮ್ಮ ಮನೆಯಲ್ಲಿ ಇಲ್ಲಾ ರೈಟರ್ ಜೇಬಲ್ಲಿ. ಮೇಸ್ತ್ರಿ ಕೈಹಾಕಿದ ಅಂತ ಹೇಳೋಕೆ, ಕೂಲಿ ಸರಿಯಾಗಿ ಕೊಟ್ಟಿಲ್ಲ ಅಂತ ಹೇಳೋಕೆ, ಗಂಡ ಕುಡಿದು ಹೊಡೀತಾನೆ ಆದರೆ ಅವನ ಕೆಲಸ ಹೋಗಬಾರದು ಅಂತ ಹೇಳೋಕೆ ಅದು ಆಗೋ ಜಾಗ ಅಲ್ಲ. ಅಂಗನವಾಡಿ ಹತ್ರ, ಬಸ್ ಸ್ಟ್ಯಾಂಡ್ ಹತ್ರ, ಪಂಚಾಯ್ತಿಯ ಖಾಲಿ ಕಟ್ಟಡ ಯಾವುದಾದ್ರೂ ಇದ್ರೆ ನೋಡಿ, ಸಂತೆ ದಿನ ತೆಗೆದಿಟ್ರೆ ಸಾಮಾನು ತರೋಕೆ ಬಂದವರು ಹಾಗೇ ಬಂದು ಹೋಗಬಹುದು, ನಾಲ್ಕೈದು ತೋಟದವರು ಸೇರೋದ್ರಿಂದ ನಿಮ್ಮ ಲೈನ್‌ನವರು ಅಂತ ಗುರುತೂ ಉಳಿಯಲ್ಲ. ಬೇರೆ ಜಾಗ ಸಿಗೋದೇ ಇಲ್ಲ ಅಂದ್ರೆ ಕೊನೇ ಪಕ್ಷ ಕೀಲಿ ಬಿಟ್ಕೊಡಿ. ಎರವ ಹೆಂಗಸು ಒಬ್ರು, ಅಸ್ಸಾಂನವರು ಒಬ್ರು, ಬಾಡಿಗೆಯಲ್ಲಿರೋ ಸಂತ್ರಸ್ತರಲ್ಲಿ ಒಬ್ರು, ಮೂರು ಜನರ ಹತ್ರ ಮೂರು ಕೀಲಿ, ನಿಮ್ಮ ಹತ್ರ ಇಲ್ಲ. ನೀವು ಒಳಗೆ ಹೋಗಬೇಕು ಅಂದ್ರೆ ಅವರನ್ನ ಕೇಳಿ ಹೋಗಬೇಕು. ಬಟವಾಡೆ, ತೂಕ ಬೇರೆ ಕಡೆಗೆ ಶಾಶ್ವತವಾಗಿ ಹೋಗಬೇಕು. ಇದು ಆಗದಿದ್ರೆ ನಾನು ಹೇಳಿದ ಸೀಲಿಂಗು, ಜಗಲಿ ಎಲ್ಲ ಬರೀ ಖರ್ಚು.

ಭಾಷೆಯೂ ಕಟ್ಟಡದಷ್ಟೇ ಮುಖ್ಯ. ಎರವರ ರವುಳ ಭಾಷೆ ಮಾತಾಡೋರು, ಬಂಗಾಳಿ ಮಾತಾಡೋರು, ಜಾರ್ಖಂಡ್ ಕಡೆಯ ಸಾದ್ರಿ ಮಾತಾಡೋರು ಇರೋ ಕಡೆ ಮೈಸೂರಿನ ಕನ್ನಡ ಒಂದರಿಂದ ಎಷ್ಟು ನಡೆಯತ್ತೆ? ಮೇಸ್ತ್ರಿಯನ್ನ ದುಭಾಷಿ ಮಾಡಬೇಡಿ, ಬಹಳ ಕಡೆ ಹೊರರಾಜ್ಯದ ಆಳುಗಳನ್ನ ಕರ್ಕೊಂಡು ಬಂದಿರೋದು, ಅಡ್ವಾನ್ಸ್ ಲೆಕ್ಕ ಇಟ್ಟಿರೋದು ಅವನೇ. ಶಾಲೆಗೆ ಹೋಗಿ ಕನ್ನಡ ಕಲ್ತಿದಾನೆ ಅಂತ ಹತ್ತು ವರ್ಷದ ಮಗನನ್ನ ಕೂರಿಸ್ಕೊಂಡು ತಾಯಿಯ ಕಷ್ಟ ಕೇಳೋದನ್ನೂ ನೋಡಿದೀನಿ, ಆ ಮಗುವಿನ ತಲೆ ಮೇಲೆ ಅದು ಎಂಥ ಭಾರ ಯೋಚನೆ ಮಾಡಿ. ಅವರಲ್ಲೇ ಒಬ್ಬ ಹೆಣ್ಣುಮಗಳನ್ನ ಹುಡುಕಿ, ಟ್ರೈನಿಂಗ್ ಕೊಡಿಸಿ, ಸಂಬಳ ಕೊಡಿ, ಆ ದಿನದ ಕುಯ್ಲಿನ ಕೂಲಿಗಿಂತ ಕಮ್ಮಿ ಅಲ್ಲದ ಸಂಬಳ. ಇನ್ನು ಬಂದವರ ಬಾಯಿಂದ ನಡೆದದ್ದನ್ನೆಲ್ಲ ಹೇಳಿಸಬೇಕು, ಹೇಳಿದ್ರೆ ಹಗುರ ಆಗ್ತಾರೆ ಅಂತ ಒಂದು ನಂಬಿಕೆ ಇದೆ. ದುರಂತ ಆದ ಕೂಡಲೇ ಒಂದೇ ಸಿಟ್ಟಿಂಗ್‌ನಲ್ಲಿ ಎಲ್ಲ ಹೇಳಿಸೋ ಪದ್ಧತಿಯಿಂದ ಪಿಟಿಎಸ್‌ಡಿ, ಅಂದ್ರೆ ಆಘಾತದ ನಂತರ ಉಳ್ಕೊಳ್ಳೋ ಮಾನಸಿಕ ಕಾಯಿಲೆ, ತಪ್ಪಲ್ಲ, ಕೆಲವರಿಗೆ ಇನ್ನೂ ಕೆಟ್ಟದಾಗಬಹುದು ಅಂತ ಅಧ್ಯಯನಗಳು ತೋರಿಸಿವೆ, ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕೊಟ್ಟ ಮಾನಸಿಕ ಪ್ರಥಮ ಚಿಕಿತ್ಸೆ ಮಾರ್ಗದರ್ಶಿಯಲ್ಲೂ ಬಲವಂತವಾಗಿ ಕಥೆ ಕೇಳಬೇಡಿ ಅಂತಲೇ ಇರೋದು. ಏನು ಬೇಕು ಕೇಳಿ, ಅದನ್ನ ಕೊಡಿಸಿ, ಪಕ್ಕ ಕೂರಿ.

ಅವರಲ್ಲಿ ಆಗಲೇ ಇರೋ ದಾರಿಗಳನ್ನ ನಾವು ನೋಡೋದೇ ಇಲ್ಲ, ಇದು ನನಗೆ ತುಂಬಾ ಬೇಜಾರಿನ ವಿಷಯ. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಹೋಗಿದೀರಾ? ಬೇಟೆಗೆ ಅಂತ ಕರ್ಕೊಂಡು ಬಂದು ಅಯ್ಯಪ್ಪ ದೇವರು ಭದ್ರಕಾಳಿ ಜೊತೆ ಹೋಗಿಬಿಟ್ಟ, ನಮ್ಮನ್ನ ನಡುಕಾಡಲ್ಲಿ ಕೈಬಿಟ್ಟ ಅಂತ ಆದಿವಾಸಿಗಳು ವೇಷ ಹಾಕಿ, ಡಬ್ಬ ಬಡ್ಕೊಂಡು ಕುಣೀತಾ, ಆ ದೇವರನ್ನೇ ಬಾಯಿಗೆ ಬಂದ ಹಾಗೆ ಬೈತಾರೆ, ದಾರೀಲಿ ಸಿಕ್ಕಿದವರನ್ನೂ ಬೈತಾರೆ, ಕಾಸು ಕೇಳ್ತಾರೆ, ಆ ಒಂದು ದಿನ ಯಾರೂ ವಾಪಸ್ ಬಯ್ಯೋ ಹಾಗಿಲ್ಲ. ಮೋಸ ಹೋದವರು ಮೋಸ ಆಯ್ತು ಅಂತ ಬೀದಿಯಲ್ಲಿ, ಎಲ್ಲರೂ ಸೇರಿ, ಕುಣೀತಾ ಕೂಗಿ ಹೇಳೋಕೆ ಒಂದು ದಿನ ಇಟ್ಕೊಂಡಿದಾರೆ. ಯಾವ ಕೌನ್ಸೆಲಿಂಗ್ ರೂಮೂ ಅದನ್ನ ಕೊಡೋಕೆ ಆಗಲ್ಲ. ಆ ಹಬ್ಬಕ್ಕೆ ಸಂಬಳ ಸಮೇತ ರಜೆ ಕೊಡಿ. ಕುಶಾಲನಗರದಿಂದ ಹೊಳೆ ದಾಟಿದ್ರೆ ಮೈಸೂರು ಜಿಲ್ಲೆಯ ಬೈಲುಕುಪ್ಪೆ, 1961ರಲ್ಲಿ ಶುರುವಾದ ಟಿಬೆಟನ್ನರ ವಸತಿ. ದೇಶ ಬಿಟ್ಟು ಬಂದವರು ಮನೆ ಜೊತೆಜೊತೆಗೇ ಗೊಂಪ ಅನ್ನೋ ಬೌದ್ಧ ಮಠ, ಶಾಲೆ, ಪ್ರದಕ್ಷಿಣೆ ಹಾಕೋ ದಾರಿ ಎಲ್ಲ ಕಟ್ಕೊಂಡ್ರು. ಬೆಳಿಗ್ಗೆ ವಯಸ್ಸಾದವರು ಮಣಿ ಎಣಿಸ್ತಾ ಸುತ್ತು ಹಾಕೋದನ್ನ ನೋಡಿ, ದಿನಾ ಅದೇ ಹೊತ್ತು, ಅದೇ ದಾರಿ, ಜೊತೆಗೆ ಅದೇ ಜನ. ದೇಹ ಕಾವಲು ಇಳಿಸೋಕೆ ಇಂಥ ನಿಯಮ, ಇಂಥ ನಡಿಗೆ ಬಹಳ ಸಹಾಯ ಮಾಡತ್ತೆ. ಅದು ಟಿಬೆಟನ್ನರದ್ದು, ಅದನ್ನ ತಂದು ಎರವರಿಗೆ ಹಾಕೋಕಾಗಲ್ಲ, ನಿಮ್ಮ ಲೈನ್‌ನವರಿಗೆ ಅಂಥದ್ದು ಏನಿದೆ ಅಂತ ಅವರನ್ನೇ ಕೇಳಬೇಕು. ನಾಗರಹೊಳೆ ಕಾಡಿಂದ ಹೊರಗೆ ಬಂದ ಜೇನು ಕುರುಬರನ್ನ ಕೇಳಿದ್ರೆ ನಮ್ಮ ಹಿರಿಯರನ್ನ ಹೂತ ಜಾಗ, ನಮ್ಮ ದೇವರು ಒಳಗಿದೆ ಅಂತಾರೆ, 2025ರ ಮೇನಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಕೆಲವು ಕುಟುಂಬಗಳು ವಾಪಸ್ ಹೋಗಿ ಕೂತಿದ್ದೂ ಅದಕ್ಕೇ, ಕಾಡಿನವರ ಹಕ್ಕಿಗೆ ಅಂತ ಅರಣ್ಯ ಹಕ್ಕು ಕಾಯ್ದೆ ಬಂದಿದ್ದು 2006ರಲ್ಲಿ, ಆದ್ರೂ ಹಕ್ಕುಪತ್ರಕ್ಕೆ ಇನ್ನೂ ಓಡಾಡ್ತಿದಾರೆ. ನಿಮ್ಮಲ್ಲಿರೋರಿಗೆ ವರ್ಷಕ್ಕೊಂದ್ಸಲ ಅವರ ಹಿರಿಯರ ಜಾಗಕ್ಕೆ ಹೋಗಿ ಬರೋಕೆ ಒಂದು ಜೀಪು ಮಾಡಿ ಕಳಿಸೋದು ನಿಮ್ಮ ಸೋಫಾಗಿಂತ ಒಳ್ಳೇ ಚಿಕಿತ್ಸೆ ಅಂತ ನಾನು ನಂಬಿದೀನಿ.

ಹಾಗಂತ ವೈದ್ಯರು ಬೇಡ ಅಂತಲ್ಲ. ಸಾಯಬೇಕು ಅಂತ ಮಾತಾಡೋರು, ತಿಂಗಳುಗಟ್ಟಲೆ ನಿದ್ದೆ ಊಟ ಬಿಟ್ಟವರು, ಕುಡಿತ ಕೈಮೀರಿದವರು ಇದ್ರೆ ಕಾಯಬೇಡಿ. ಮಡಿಕೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದಾರೆ, 14416 ಟೆಲಿ ಮಾನಸ್ ಹಗಲು ರಾತ್ರಿ ಫ್ರೀ, 2022ರ ಅಕ್ಟೋಬರ್‌ನಿಂದ ನಡೀತಿದೆ, ಕನ್ನಡ ಅಷ್ಟೇ ಅಲ್ಲ ಬಂಗಾಳಿ, ಅಸ್ಸಾಮಿ, ಹಿಂದಿಯಲ್ಲೂ ಮಾತಾಡಬಹುದು. ಆ ನಂಬರನ್ನ ಮೂರ್ನಾಲ್ಕು ಲಿಪಿಯಲ್ಲಿ ದೊಡ್ಡದಾಗಿ ಬರೆದು ಟಾಯ್ಲೆಟ್ ಬಾಗಿಲ ಒಳಗಡೆ ಅಂಟಿಸಿ, ಅಲ್ಲಿ ಯಾರೂ ನೋಡದೇ ಇರುವಾಗ ಬರ್ಕೊಳ್ಳಬಹುದು.

ಮತ್ತೊಂದು, ಲೈನ್ ಮನೆ ಸೋರ್ತಾ ಇದ್ರೆ, ಒಂದು ರೂಮಲ್ಲಿ ಎರಡು ಕುಟುಂಬ ಇದ್ರೆ, ಟಾಯ್ಲೆಟ್‌ಗೆ ಬಾಗಿಲಿಲ್ಲದಿದ್ರೆ, ನೀವು ಸೆಂಟರ್‌ಗೆ ಇಟ್ಟಿರೋ ದುಡ್ಡನ್ನ ಮೊದಲು ಅಲ್ಲಿ ಹಾಕಿ. 1951ರ ಪ್ಲಾಂಟೇಶನ್ ಲೇಬರ್ ಆಕ್ಟ್ ಕಾಲದಿಂದಲೂ ದೊಡ್ಡ ತೋಟಗಳಲ್ಲಿ ಮನೆ, ನೀರು, ಶೌಚಾಲಯ ಕೊಡೋದು ಮಾಲೀಕರ ಜವಾಬ್ದಾರಿ. ನಿಮ್ಮದು ಅದರೊಳಗೆ ಬರತ್ತೋ ಇಲ್ವೋ, ಒಳಚಿಲಕ ಇರೋ ಬಾಗಿಲು, ಸೋರದ ಸೂರು, ರಾತ್ರಿ ಲೈಟು, ಆನೆ ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು ಅನ್ನೋ ವ್ಯವಸ್ಥೆ, ಟ್ರಾಮಾ ಇನ್‌ಫಾರ್ಮ್ಡ್ ಡಿಸೈನ್ ಶುರುವಾಗೋದು ಅಲ್ಲಿಂದ.

ಹೇಗೆ ಮುಂದುವರಿಯೋದು ಅಂದ್ರೆ, ಪ್ಲಾನ್ ಕಾಗದದ ಮೇಲೆ ತೋರಿಸಬೇಡಿ, ಯಾರಿಗೂ ಅರ್ಥ ಆಗಲ್ಲ, ಆದ್ರೂ ಹೂಂ ಅಂತಾರೆ. ಎಲ್ಲಾದ್ರೂ ಖಾಲಿ ಜಾಗದಲ್ಲಿ ಸುಣ್ಣದ ಪುಡಿಯಲ್ಲಿ ಪೂರ್ತಿ ಸೈಜಲ್ಲಿ ಗೋಡೆ, ಬಾಗಿಲು ಎಳೀರಿ, ಹೆಂಗಸರು ಅದರೊಳಗೆ ಓಡಾಡಲಿ, ಒಲೆ ಇಲ್ಲಿ ಬೇಡ ಅಲ್ಲಿರಲಿ ಅಂತ ಕಾಲಲ್ಲೇ ಅಳಿಸಿ ಮತ್ತೆ ಎಳೀಲಿ. ನೀವು ಅಲ್ಲಿ ನಿಲ್ಲಬೇಡಿ, ನಿಂತ್ರೆ ಅಮ್ಮಾವ್ರು ಹೇಳಿದ್ದೇ ಸರಿ ಅಂತಾರೆ. ಇದನ್ನ ಕುಯ್ಲು ಮುಗಿಯೋಕೆ ಮುಂಚೆ ಮಾಡ್ಬೇಕು, ಯಾಕಂದ್ರೆ ಕಾಫಿ, ಕರಿಮೆಣಸು ಮುಗೀತಿದ್ದ ಹಾಗೆ ಹೊರಗಿನವರಲ್ಲಿ ಎಷ್ಟೋ ಜನ ಊರಿಗೆ ಹೊರಟುಬಿಡ್ತಾರೆ, ಆಮೇಲೆ ಅವರನ್ನ ಬಿಟ್ಟು ತೀರ್ಮಾನ ಆಗತ್ತೆ. ಸೂರಿನ ಕೆಲಸ ಮೇ ಮುಗಿಯೋದ್ರೊಳಗೆ ಆಗಬೇಕು. ಶುರುವಾದ ಮೇಲೆ ಎಷ್ಟು ಜನ ಕೌನ್ಸೆಲರ್ ಹತ್ರ ಮಾತಾಡಿದ್ರು ಅಂತ ಎಣಿಸಬೇಡಿ, ಎರಡನೇ ಸಲ ಯಾರು ಬಂದ್ರು, ಜೊತೆಗೆ ಇನ್ನೊಬ್ಬರನ್ನ ಕರ್ಕೊಂಡು ಬಂದ್ರಾ, ಇದು ಸರಿ ಇಲ್ಲ ಅಂತ ಯಾರಾದ್ರೂ ದೂರು ಹೇಳಿದ್ರಾ ಅಂತ ಕೀಲಿ ಇಟ್ಕೊಂಡವರನ್ನ ಕೇಳಿ. ದೂರು ಬಂದ್ರೆ ಒಳ್ಳೇ ಸೂಚನೆ, ಭಯ ಇದ್ದವರು ದೂರು ಹೇಳಲ್ಲ.

ಪಂಚಾಯ್ತಿ ಕಟ್ಟಡ ಸಿಗತ್ತಾ ಅಂತ ಮೊದಲು ಪಿಡಿಒ ಹತ್ರ ವಿಚಾರಿಸಿ, ಸಿಕ್ರೆ ಅದರ ಅಳತೆ, ಬಾಗಿಲು ಯಾವ ದಿಕ್ಕಿಗಿದೆ, ಸೂರು ಏನು, ಹತ್ತಿರದ ಚರಂಡಿ ಎಲ್ಲಿಗೆ ಹೋಗತ್ತೆ ಅಂತ ಬರೆದು ನಾಲ್ಕು ಫೋಟೋ ಜೊತೆ ಕಳಿಸಿ, ಖಾಲಿ ಕಟ್ಟಡದ ಫೋಟೋ, ಜನ ಇಲ್ಲದ್ದು. ಎಲ್ಲೆಲ್ಲಿ ಒಡೀಬೇಕು, ಎಷ್ಟು ಖರ್ಚಾಗತ್ತೆ ಅಂತ ಅದನ್ನ ನೋಡಿ ಹೇಳ್ತೀನಿ.